ಒಂದೇ ಅಕ್ಷರಕ್ಕೆ ನಾಲ್ಕು ಮನೆ: ಸಂಖ್ಯಾಶಾಸ್ತ್ರದ ಚಿಹ್ನೆಗಳು ಗೋಜಲಾದ ಬಗೆ

ಪದವಿ ಓದುತ್ತಿರುವ ನನ್ನ ಅಕ್ಕನ ಮಗಳು ತನ್ನ ಬಸ್ಸು ದಿನಾ ಎಷ್ಟು ತಡವಾಗಿ ಬರುತ್ತದೆ ಎಂದು ಐದು ದಿನ ಬರೆದಿಟ್ಟಿದ್ದಳು: 6, 8, 10, 12, 14 ನಿಮಿಷ. ಸರಾಸರಿ 10. ಅದರಲ್ಲಿ ಯಾರಿಗೂ ತಕರಾರಿಲ್ಲ. ಆಮೇಲೆ ಮಾನಕ ವಿಚಲನೆ ಬೇಕಾಯಿತು, ಅಂದರೆ ಈ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎನ್ನುವ ಅಳತೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೆಕ್ಕದ ಸಲಕರಣೆ ನಂಪೈಯನ್ನು ಕೇಳಿದರೆ 2.83 ಎಂದಿತು. ಅದೇ ಪೈಥಾನಿನ ಇನ್ನೊಂದು ಸಲಕರಣೆ ಪಾಂಡಾಸ್ 3.16 ಎಂದಿತು. "ಮಾಮ, ಇವೆರಡರಲ್ಲಿ ಸುಳ್ಳು ಹೇಳುತ್ತಿರುವುದು ಯಾವುದು?" ಎಂದು ಕೇಳಿದಳು.

ಎರಡೂ ಸುಳ್ಳು ಹೇಳುತ್ತಿಲ್ಲ. ಸರಾಸರಿಯಿಂದ ಇರುವ ದೂರಗಳನ್ನು ವರ್ಗ ಮಾಡಿ ಕೂಡಿದರೆ 40 ಬರುತ್ತದೆ. ಅದನ್ನು 5ರಿಂದ ಭಾಗಿಸಿದರೆ 8, ಅದರ ವರ್ಗಮೂಲ 2.83. 4ರಿಂದ ಭಾಗಿಸಿದರೆ 10, ವರ್ಗಮೂಲ 3.16. ಹಳೆಯ ಕ್ಯಾಲ್ಕುಲೇಟರುಗಳಲ್ಲಿ ಇದಕ್ಕೆಂದೇ ಎರಡು ಗುಂಡಿಗಳಿದ್ದವು: ಮಾನಕ ವಿಚಲನೆಯ ಚಿಹ್ನೆಯಾದ ಸಿಗ್ಮಾದ ಕಾಲಡಿ ಒಂದರಲ್ಲಿ 'ಎನ್' (ಒಟ್ಟು ಅಳತೆಗಳ ಎಣಿಕೆ, ಇಲ್ಲಿ 5), ಇನ್ನೊಂದರಲ್ಲಿ 'ಎನ್ ಮೈನಸ್ ಒಂದು'. ಯಾವುದನ್ನು ಒತ್ತಬೇಕು ಎಂದು ಕೇಳಿದರೆ "ಪುಸ್ತಕದಲ್ಲಿರುವ ಉತ್ತರ ಯಾವುದರಲ್ಲಿ ಬರುತ್ತದೋ ಅದನ್ನು" ಎಂಬ ಉತ್ತರವೇ ನಮ್ಮ ಕಾಲದಲ್ಲಿ ಸಿಗುತ್ತಿತ್ತು. ಈ ಗೊಂದಲ ವಿದ್ಯಾರ್ಥಿಯ ದಡ್ಡತನದಿಂದ ಹುಟ್ಟಿದ್ದಲ್ಲ. ನೂರು ವರ್ಷದ ಹಿಂದೆ ದೊಡ್ಡ ದೊಡ್ಡವರು ಆಡಿದ ಜಗಳ ಮುಗಿದರೂ ಅವರು ಬಳಸಿದ ಅಕ್ಷರಗಳು ಉಳಿದುಕೊಂಡವು, ಅಷ್ಟೇ.

ಸಿಗ್ಮಾದ ಮೂಲ ಲಂಡನ್ನಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್. 'ಮಾನಕ ವಿಚಲನೆ' ಎಂಬ ಹೆಸರನ್ನೂ ಅದಕ್ಕೆ ಸಿಗ್ಮಾ ಎಂಬ ಗ್ರೀಕ್ ಅಕ್ಷರವನ್ನೂ 1890ರ ದಶಕದ ಆರಂಭದಲ್ಲಿ ಬಳಕೆಗೆ ತಂದವನು ಅವನೇ. ಅವನ ಕೈಯಲ್ಲಿದ್ದವು ದೊಡ್ಡ ದೊಡ್ಡ ದತ್ತಾಂಶಗಳು, ಸಾವಿರಗಟ್ಟಲೆ ಅಳತೆಗಳು. ಸಾವಿರದಿಂದ ಭಾಗಿಸಿದರೂ 999ರಿಂದ ಭಾಗಿಸಿದರೂ ಏನು ವ್ಯತ್ಯಾಸ? ಹಾಗಾಗಿ ಊರಿನ ಎಲ್ಲ ಬಸ್ಸುಗಳ ನಿಜವಾದ ವಿಚಲನೆಗೂ, ನಾವು ಐದು ದಿನ ನಿಂತು ಎಣಿಸಿದ್ದರಿಂದ ಸಿಕ್ಕ ವಿಚಲನೆಗೂ ಬೇರೆ ಬೇರೆ ಅಕ್ಷರ ಬೇಕೆಂದು ಅವನಿಗೆ ಅನಿಸಲಿಲ್ಲ.

ಆ ಬಿಸಿ ಮೊದಲು ತಟ್ಟಿದ್ದು ಬಿಯರ್ ತಯಾರಿಸುವವನೊಬ್ಬನಿಗೆ. ವಿಲಿಯಂ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಕಂಪನಿಯಲ್ಲಿದ್ದ. ಬಾರ್ಲಿಯ ಪ್ರಯೋಗಗಳಲ್ಲಿ ಅವನಿಗೆ ಸಿಗುತ್ತಿದ್ದದ್ದು ನಾಲ್ಕೋ ಹತ್ತೋ ಅಳತೆ. ನೌಕರರು ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಕಂಪನಿ ಬಿಡುತ್ತಿರಲಿಲ್ಲವಾದ್ದರಿಂದ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬರೆದ. ಮಾದರಿಯ, ಅಂದರೆ ಕೈಗೆ ಸಿಕ್ಕ ಕೆಲವೇ ಅಳತೆಗಳ, ವಿಚಲನೆಗೆ ಅವನು ಇಟ್ಟ ಅಕ್ಷರ 'ಎಸ್'. ತಮಾಷೆಯೆಂದರೆ, ಇಂದಿನ ಪುಸ್ತಕಗಳು 'ಎಸ್' ಎಂದರೆ ಎನ್ ಮೈನಸ್ ಒಂದರಿಂದ ಭಾಗಿಸಬೇಕು ಎನ್ನುತ್ತವೆ, ಗಾಸೆಟ್ ಮಾತ್ರ ಎನ್‌ನಿಂದಲೇ ಭಾಗಿಸಿದ್ದ. 1912ರಲ್ಲಿ ರೊನಾಲ್ಡ್ ಫಿಷರ್ ಎಂಬ ಹುಡುಗ ಎನ್ ಮೈನಸ್ ಒಂದರ ಗಣಿತವನ್ನು ಬರೆದು ಕಳುಹಿಸಿದಾಗ ಗಾಸೆಟ್ ಅದನ್ನು ಪಿಯರ್ಸನ್ನನ ಮುಂದಿಟ್ಟ. ಎನ್‌ನಿಂದ ಭಾಗಿಸಿದರೂ ಎನ್ ಮೈನಸ್ ಒಂದರಿಂದ ಭಾಗಿಸಿದರೂ ಹೆಚ್ಚಿನ ವ್ಯತ್ಯಾಸವಿಲ್ಲ, ತುಂಟ ಬಿಯರ್‌ಗಾರರು ಮಾತ್ರ ಅಷ್ಟು ಚಿಕ್ಕ ಎನ್ ಇಟ್ಟುಕೊಳ್ಳುತ್ತಾರೆ ಎಂಬರ್ಥದ ಮಾತು ಬರೆದು ಪಿಯರ್ಸನ್ ತಳ್ಳಿಹಾಕಿದ. ಎನ್ ಮೈನಸ್ ಒಂದರ ಕಾರಣ 1820ರ ದಶಕದಲ್ಲೇ ಜರ್ಮನ್ ಗಣಿತಜ್ಞ ಗಾಸ್‌ಗೆ ತಿಳಿದಿತ್ತು ಎನ್ನುವುದನ್ನು ನೆನೆದರೆ ಈ ತಾತ್ಸಾರ ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ.

ಕಾರಣವೇನೂ ಬಹಳ ಗಹನವಲ್ಲ. ಬಸ್ಸಿನ ಲೆಕ್ಕಕ್ಕೇ ಬನ್ನಿ. ಸರಾಸರಿಯಿಂದ ದೂರಗಳು ಮೈನಸ್ 4, ಮೈನಸ್ 2, ಸೊನ್ನೆ, 2, 4. ಕೂಡಿದರೆ ಸೊನ್ನೆ. ಯಾವಾಗಲೂ ಸೊನ್ನೆಯೇ, ಏಕೆಂದರೆ ಸರಾಸರಿಯನ್ನು ತೆಗೆದದ್ದೇ ಈ ಐದರಿಂದ. ನಾಲ್ಕು ದೂರಗಳನ್ನು ಹೇಳಿದರೆ ಐದನೆಯದನ್ನು ನೀವೇ ಹೇಳಬಹುದು. ಹಾಗಾಗಿ ಇಲ್ಲಿ ಸ್ವತಂತ್ರವಾಗಿ ಮಾತನಾಡುತ್ತಿರುವುದು ನಾಲ್ಕೇ. ಜೊತೆಗೆ, ಮಾದರಿಯ ಸರಾಸರಿ ತನ್ನದೇ ಸಂಖ್ಯೆಗಳ ನಟ್ಟನಡುವೆ ಕೂತಿರುವುದರಿಂದ ದೂರಗಳು ನಿಜಕ್ಕಿಂತ ತುಸು ಕಡಿಮೆಯಾಗಿಯೇ ಕಾಣುತ್ತವೆ. 5ರ ಬದಲು 4ರಿಂದ ಭಾಗಿಸುವುದು ಆ ಕೊರತೆಯನ್ನು ತುಂಬುವುದಕ್ಕೆ. ನಂಪೈ ಈ ಐದು ದಿನಗಳೇ ಇಡೀ ಜಗತ್ತು ಎಂದುಕೊಂಡು ಲೆಕ್ಕ ಮಾಡುತ್ತದೆ. ಪಾಂಡಾಸ್ ಇವು ಯಾವುದೋ ದೊಡ್ಡ ರಾಶಿಯಿಂದ ಎತ್ತಿಕೊಂಡ ಒಂದು ಹಿಡಿ ಎಂದುಕೊಳ್ಳುತ್ತದೆ.

ಹುಡುಗ ಫಿಷರ್ ದೊಡ್ಡವನಾಗಿ 1922ರಲ್ಲಿ ಬರೆದ ಪ್ರಬಂಧದಲ್ಲಿ ಈ ರೋಗಕ್ಕೆ ಹೆಸರಿಟ್ಟ. ನಾವು ತಿಳಿಯಬಯಸುವ, ಆದರೆ ಅಂದಾಜು ಮಾಡಲಷ್ಟೇ ಸಾಧ್ಯವಿರುವ ನಿಜವಾದ ಬೆಲೆಗೂ, ಲೆಕ್ಕ ಹಾಕಿ ಕೈಗೆ ಬಂದ ಬೆಲೆಗೂ ಜನ ಒಂದೇ ಹೆಸರು ಬಳಸುತ್ತಿದ್ದಾರೆ ಎಂಬುದು ಅವನ ದೂರು. ಮೊದಲನೆಯದನ್ನು 'ಪ್ಯಾರಾಮೀಟರ್' ಎಂದ, ಎರಡನೆಯದನ್ನು 'ಸ್ಟ್ಯಾಟಿಸ್ಟಿಕ್' ಎಂದ. ಸಮಷ್ಟಿಯ (ಮಾದರಿಯನ್ನು ಎತ್ತಿಕೊಂಡ ಇಡೀ ರಾಶಿಯ) ನಿಜಕ್ಕೆ ಗ್ರೀಕ್ ಅಕ್ಷರ, ಮಾದರಿಯ ಲೆಕ್ಕಕ್ಕೆ ರೋಮನ್ ಅಕ್ಷರ ಎಂಬ ಪದ್ಧತಿ ಅಲ್ಲಿಂದೀಚೆಗೆ ನಿಧಾನವಾಗಿ ಬೇರುಬಿಟ್ಟಿತು. ಅಂದಾಜಿಗೆ ಗ್ರೀಕ್ ಅಕ್ಷರವನ್ನೇ ಬಳಸಬೇಕಾದಾಗ ಅದರ ತಲೆಯ ಮೇಲೆ ಒಂದು ಟೋಪಿ. ನಮ್ಮಲ್ಲಿ ಟೋಪಿ ಹಾಕುವುದು ಎಂದರೆ ಮೋಸ ಮಾಡುವುದು. ಇಲ್ಲಿ ಉಲ್ಟಾ: ಅಕ್ಷರಕ್ಕೆ ಟೋಪಿ ಇಲ್ಲದಾಗಲೇ ಓದುಗನಿಗೆ ಟೋಪಿ ಬೀಳುವುದು.

ಈ ಭೇದ ಬರಿಯ ಮಡಿವಂತಿಕೆಯಲ್ಲ. ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಕಲ್ಕತ್ತೆಯಲ್ಲಿದ್ದಾಗ, 1945ರಲ್ಲಿ, ಒಂದು ಪ್ರಮೇಯ ಪ್ರಕಟಿಸಿದರು. ಪಕ್ಷಪಾತವಿಲ್ಲದ, ಅಂದರೆ ಸರಾಸರಿಯಲ್ಲಿ ನಿಜದ ಮೇಲೆಯೇ ಬಂದು ಕೂರುವ, ಅಂದಾಜು ಎಷ್ಟೇ ಜಾಣತನದ್ದಾಗಿರಲಿ, ಅದರ ಚದುರುವಿಕೆ ಒಂದು ಮಿತಿಗಿಂತ ಕೆಳಗೆ ಇಳಿಯಲಾರದು ಎನ್ನುತ್ತದೆ ಅದು. ಇಂದು ಕ್ರಾಮರ್-ರಾವ್ ಮಿತಿ ಎಂದೇ ಹೆಸರಾಗಿದೆ. ನಿಜಕ್ಕೂ ಅಂದಾಜಿಗೂ ಒಂದೇ ಅಕ್ಷರ ಇಟ್ಟುಕೊಂಡಿದ್ದರೆ ಈ ಪ್ರಮೇಯವನ್ನು ಸಾಧಿಸುವುದಿರಲಿ, ಬರೆಯುವುದಕ್ಕೂ ಆಗುತ್ತಿರಲಿಲ್ಲ.

ಆದರೆ ಗ್ರೀಕ್-ರೋಮನ್ ನಿಯಮವನ್ನು ನಂಬಿ ಕೂರುವ ಹಾಗಿಲ್ಲ. ಪಿಯರ್ಸನ್ 1900ರಲ್ಲಿ ತಂದ ಕೈ-ವರ್ಗದ ಪರೀಕ್ಷೆಯಲ್ಲಿ 'ಕೈ' ಗ್ರೀಕ್ ಅಕ್ಷರ, ಆದರೂ ಅದನ್ನು ಲೆಕ್ಕ ಹಾಕುವುದು ಮಾದರಿಯಿಂದ. ಪ್ರಮಾಣಕ್ಕೆ (ನೂರಕ್ಕೆ ಇಷ್ಟು ಎನ್ನುವಂಥ ಪಾಲಿಗೆ) ನಮ್ಮ ಅನೇಕ ಪಠ್ಯಪುಸ್ತಕಗಳು ಸಮಷ್ಟಿಯಲ್ಲಿ ದೊಡ್ಡ ಪಿ, ಮಾದರಿಯಲ್ಲಿ ಚಿಕ್ಕ ಪಿ ಬಳಸುತ್ತವೆ. ಎರಡೂ ರೋಮನ್ನೇ.

ದೊಡ್ಡದು-ಚಿಕ್ಕದು ಎಂದೊಡನೆ ಕನ್ನಡದವರಿಗೆಂದೇ ಕಾದಿರುವ ಒಂದು ಪೀಡೆ ನೆನಪಾಗುತ್ತದೆ. ನಾಳೆ ಬಸ್ಸು ಎಷ್ಟು ತಡವಾಗುತ್ತದೋ ತಿಳಿಯದು. ಆ ತಿಳಿಯದ, ಅದೃಷ್ಟಕ್ಕೆ ಬಿಟ್ಟ ಪರಿಮಾಣಕ್ಕೆ ದೊಡ್ಡ ಎಕ್ಸ್. ಅದು ಪಡೆಯಬಹುದಾದ ನಿರ್ದಿಷ್ಟ ಬೆಲೆಗೆ, ಉದಾಹರಣೆಗೆ 12 ನಿಮಿಷಕ್ಕೆ, ಚಿಕ್ಕ ಎಕ್ಸ್. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಈ ರೂಢಿ ಗಟ್ಟಿಯಾಯಿತು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಮೇಷ್ಟ್ರು ಬಾಯಲ್ಲಿ "ಪಿ ಆಫ್ ಎಕ್ಸ್ ಈಕ್ವಲ್ಸ್ ಎಕ್ಸ್" ಎಂದರೆ ಹಿಂದಿನ ಬೆಂಚಿನವನಿಗೆ ಎಕ್ಸ್ ಎಕ್ಸ್‌ಗೆ ಸಮವಲ್ಲದೆ ಇನ್ನೇನಕ್ಕೆ ಸಮವಾಗಬೇಕು ಎನಿಸುತ್ತದೆ. ಕಪ್ಪು ಹಲಗೆಯ ಮೇಲೂ ಎರಡು ಎಕ್ಸ್‌ಗಳ ನಡುವೆ ಇರುವುದು ಗಾತ್ರದ ವ್ಯತ್ಯಾಸ ಮಾತ್ರ, ಅದೂ ಸೀಮೆಸುಣ್ಣ ಸವೆದಿರದಿದ್ದರೆ. "ನಾಳಿನ ತಡ 12 ನಿಮಿಷವಾಗುವ ಸಂಭವ" ಎಂದು ಒಮ್ಮೆ ಕನ್ನಡದಲ್ಲಿ ಹೇಳಿದ್ದರೆ ಸಾಕಿತ್ತು.

ಇನ್ನು ಆ ನೆಟ್ಟಗಿನ ಗೆರೆ. ಪಿ(ಎ | ಬಿ) ಎಂದರೆ ಬಿ ನಡೆದಿದೆ ಎಂದು ತಿಳಿದಾಗ ಎ ನಡೆಯುವ ಸಂಭವ. ಇದನ್ನು ಬರೆಯುವ ಬಗೆಗೆ ಒಮ್ಮತ ಮೂಡಲು ದಶಕಗಳೇ ಹಿಡಿದವು. ಅರ್ಥಶಾಸ್ತ್ರಜ್ಞ ಕೇನ್ಸ್ 1921ರಲ್ಲಿ ಓರೆಗೆರೆ ಎಳೆದು ಎ/ಎಚ್ ಎಂದು ಬರೆದ, ನೋಡಿದರೆ ಭಾಗಾಕಾರದ ಹಾಗೆಯೇ ಇದೆ. ರಷ್ಯದ ಗಣಿತಜ್ಞ ಕೊಲ್ಮೊಗೊರೊವ್ 1933ರಲ್ಲಿ ಸಂಭವನೀಯತೆಗೆ ಭದ್ರವಾದ ತಳಪಾಯ ಹಾಕಿದಾಗ ಷರತ್ತನ್ನು ಪಿ ಅಕ್ಷರದ ಕಾಲಬುಡದಲ್ಲಿ ಚಿಕ್ಕದಾಗಿ ಬರೆದ. ಭೂಭೌತವಿಜ್ಞಾನಿ ಹೆರಾಲ್ಡ್ ಜೆಫ್ರೀಸ್ 1930ರ ದಶಕದಲ್ಲಿ ನೆಟ್ಟಗೆರೆ ಬಳಸಿದ. 1950ರಲ್ಲಿ ಬಂದ ವಿಲಿಯಂ ಫೆಲ್ಲರ್‌ನ ಪಠ್ಯಪುಸ್ತಕವೂ ಅದನ್ನೇ ಹಿಡಿಯಿತು, ಆಮೇಲೆ ಎಲ್ಲರೂ ಹಿಡಿದರು.

ಇಂಗ್ಲಿಷಿನವರು ಇದನ್ನು ಎಡದಿಂದ ಬಲಕ್ಕೆ ಓದಿಬಿಡುತ್ತಾರೆ. ಕನ್ನಡದಲ್ಲಿ ಷರತ್ತು ಮೊದಲು ಬರಬೇಕು: "ಮಳೆ ಬಂದರೆ ಬಸ್ಸು ತಡವಾಗುವ ಸಂಭವ". ಚಿಹ್ನೆಯಲ್ಲಿ ಬಸ್ಸು ಎಡಕ್ಕೆ, ಮಳೆ ಬಲಕ್ಕೆ. ಅಂದರೆ ಕನ್ನಡದಲ್ಲಿ ಯೋಚಿಸುವವನು ಇದನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನು ಯಾರಾದರೂ ಮೊದಲ ದಿನವೇ ಹೇಳಿಕೊಟ್ಟಿದ್ದರೆ ನನಗೆ ಒಂದು ವರ್ಷ ಉಳಿಯುತ್ತಿತ್ತು.

ಗೆರೆಯ ಎರಡು ಬದಿ ಅದಲುಬದಲಾದರೆ ಏನಾಗುತ್ತದೆ? ಸಾವಿರ ಜನರಲ್ಲಿ 10 ಮಂದಿಗೆ ಒಂದು ಕಾಯಿಲೆ ಇದೆ ಎಂದುಕೊಳ್ಳಿ. ಪರೀಕ್ಷೆ ಅವರಲ್ಲಿ 9 ಮಂದಿಯನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದ 990 ಮಂದಿಯಲ್ಲಿ 99 ಮಂದಿಗೂ ತಪ್ಪಾಗಿ 'ಪಾಸಿಟಿವ್' ಎನ್ನುತ್ತದೆ. ಕಾಯಿಲೆ ಇದ್ದರೆ ಪಾಸಿಟಿವ್ ಬರುವ ಸಂಭವ ಶೇ 90. ಪಾಸಿಟಿವ್ ಬಂದರೆ ಕಾಯಿಲೆ ಇರುವ ಸಂಭವ 108ರಲ್ಲಿ 9, ಅಂದರೆ ಹನ್ನೆರಡರಲ್ಲಿ ಒಂದು. ಬರಹದಲ್ಲಿ ಎರಡು ಅಕ್ಷರ ಜಾಗ ಬದಲಿಸಿವೆ, ಅಷ್ಟೇ. ಅದೇ 'ಪಿ-ಬೆಲೆ'ಯ ವಿಷಯದಲ್ಲೂ ನಡೆಯುವುದು ಇದೇ ಎಡವಟ್ಟು. ಊಹೆ ನಿಜವಾಗಿದ್ದರೆ ಇಂಥ ದತ್ತಾಂಶ, ಅಥವಾ ಇನ್ನೂ ವಿಪರೀತದ್ದು, ಬರುವ ಸಂಭವವನ್ನು ಅದು ಹೇಳುತ್ತದೆ. ಓದುವವರು ದತ್ತಾಂಶ ಹೀಗಿದ್ದರೆ ಊಹೆ ನಿಜವಾಗುವ ಸಂಭವ ಎಂದುಕೊಳ್ಳುತ್ತಾರೆ.

ಪಿ ಅಕ್ಷರದ ಮೇಲೆ ಹೊರೆಯೂ ಜಾಸ್ತಿ. ಕ್ರಮಯೋಜನೆಯ ಪಾಠದಲ್ಲಿ ಅದು ಜೋಡಣೆಗಳ ಎಣಿಕೆ, ಮುಂದಿನ ಪಾಠದಲ್ಲಿ ಸಂಭವನೀಯತೆ, ಅದರಾಚೆ ಪ್ರಮಾಣ, ಆಮೇಲೆ ಪಿ-ಬೆಲೆ. ಬೀಟಾ ಕೂಡ ಹಾಗೆಯೇ: ಪಿಯರ್ಸನ್ನನಿಗೆ ಅದು ವಕ್ರರೇಖೆಯ ಆಕಾರದ ಅಳತೆ, ಪರೀಕ್ಷೆಯ ಅಧ್ಯಾಯದಲ್ಲಿ ಎರಡನೆಯ ಬಗೆಯ ದೋಷದ (ತಪ್ಪು ಊಹೆಯನ್ನು ತಳ್ಳಿಹಾಕದೆ ಬಿಡುವ ದೋಷದ) ಸಂಭವ, ಹಿಂಚಲನದಲ್ಲಿ (ದತ್ತಾಂಶಕ್ಕೆ ಗೆರೆ ಹೊಂದಿಸುವ ರಿಗ್ರೆಶನ್‌ನಲ್ಲಿ) ರೇಖೆಯ ಇಳಿಜಾರು, ಅದರ ಮೇಲೆ ಬೀಟಾ ವಿತರಣೆ ಎಂಬುದೇ ಒಂದು ಬೇರೆ. ಗಾಸೆಟ್ 1908ರಲ್ಲಿ 'ಝಡ್' ಎಂದು ಕರೆದದ್ದು ಫಿಷರ್‌ನ ಕೈಯಲ್ಲಿ ಸ್ವಲ್ಪ ಬದಲಾಗಿ 'ಟಿ' ಆಯಿತು. ಅದೇ ಫಿಷರ್ ಬೇರೆ ಎರಡು ಪರಿಮಾಣಗಳಿಗೆ 'ಝಡ್' ಎಂದೇ ಹೆಸರಿಟ್ಟ. ಅವುಗಳಲ್ಲೊಂದನ್ನು ಅಮೆರಿಕದ ಸ್ನೆಡೆಕರ್ 1934ರಲ್ಲಿ ರೂಪ ಬದಲಿಸಿ ಫಿಷರ್‌ನ ಗೌರವಾರ್ಥ 'ಎಫ್' ಎಂದ. ಕೊನೆಗೂ ಒಂದು ಮನೆಯಾದರೂ ಖಾಲಿಯಾಯಿತು.

ಅಕ್ಷರಗಳ ಗೋಜಲು ಬಿಡಿಸಿಕೊಂಡರೂ ಆವರಣದೊಳಗೆ ಇನ್ನೊಂದು ಬಲೆ ಕಾಯುತ್ತಿರುತ್ತದೆ. ಬಸ್ಸಿನ ತಡ 'ಎನ್(10, 4)' ಎಂಬ ಸಾಮಾನ್ಯ ವಿತರಣೆಯನ್ನು, ಅಂದರೆ ಗಂಟೆಯಾಕಾರದ ಹರಡಿಕೆಯನ್ನು, ಅನುಸರಿಸುತ್ತದೆ ಎಂದು ಬರೆದಿದೆ ಎನ್ನಿ (ಈ ಎನ್ 'ನಾರ್ಮಲ್'ನದು, ಎಣಿಕೆಯದಲ್ಲ). 10 ಸರಾಸರಿ. 4 ಏನು? ಹೆಚ್ಚಿನ ಪಠ್ಯಪುಸ್ತಕಗಳಲ್ಲಿ ಅದು ವಿಚಲನೆಯ ವರ್ಗ, ಹಾಗಾದರೆ ವಿಚಲನೆ 2 ನಿಮಿಷ, ಮೂರರಲ್ಲಿ ಎರಡು ಪಾಲು ದಿನ ಬಸ್ಸು 8ರಿಂದ 12 ನಿಮಿಷದೊಳಗೆ ತಡ. 'ಆರ್' ಎಂಬ ತಂತ್ರಾಂಶಕ್ಕೆ ಅದೇ 10 ಮತ್ತು 4 ಕೊಟ್ಟರೆ ವಿಚಲನೆಯೇ 4 ಎಂದುಕೊಳ್ಳುತ್ತದೆ, ಆಗ 6ರಿಂದ 14. ಬೇಯ್ಸ್ ಪಂಥದವರ 'ಬಗ್ಸ್' ತಂತ್ರಾಂಶಕ್ಕೆ ಕೊಟ್ಟರೆ 4 ಎಂದರೆ ನಿಖರತೆ, ವಿಚಲನೆಯ ವರ್ಗದ ವಿಲೋಮ. ವಿಚಲನೆ ಅರ್ಧ ನಿಮಿಷ, ಬಸ್ಸು ಒಂಬತ್ತೂವರೆಯಿಂದ ಹತ್ತೂವರೆ ನಿಮಿಷದ ನಡುವೆ ಬಂದು ನಿಲ್ಲುತ್ತದೆ. ಅಕ್ಕನ ಮಗಳಿಗೆ ಇದನ್ನು ಹೇಳಿದೆ. ತನ್ನ ವರದಿಯ ಮೊದಲ ಪುಟದಲ್ಲಿ ಆವರಣದೊಳಗಿನ ಪ್ರತಿ ಸಂಖ್ಯೆಯ ಪಕ್ಕ ಅದೇನೆಂದು ಒಂದೊಂದು ಸಾಲು ಬರೆದಿದ್ದಾಳೆ. ಭಾಗಿಸಿದ್ದು 4ರಿಂದ ಎಂಬುದನ್ನೂ ಸೇರಿಸಿದ್ದಾಳೆ.