ಉಳಿಗೆ ಸಿಕ್ಕ ಕಾಗದ, ಉಳಿದುಕೊಂಡ ಕಾಗದ

ಶಿರಸಿಯ ಗುಡಿಗಾರರೊಬ್ಬರ ಮನೆ ಜಗಲಿಯಲ್ಲಿ ಕೂತು ಕೆಲಸ ನೋಡುತ್ತಿದ್ದೆ. ಗಂಧದ ತುಂಡನ್ನು ಉಜ್ಜಿ ನುಣುಪು ಮಾಡಿಯಾಗಿತ್ತು. ಬಳ್ಳಿ, ಎಲೆ, ನಡುವೆ ಒಂದು ಆನೆ ಬರೆದ ತೆಳು ಕಾಗದವನ್ನು ಅದರ ಮೇಲೆ ಅಂಟಿಸಿದರು. ಆಮೇಲೆ ಕಾಗದದ ಮೇಲೇ ಉಳಿ ಇಟ್ಟರು. ಗೆರೆ ಮರಕ್ಕೆ ಇಳಿದ ಹಾಗೆ ಕಾಗದ ಚೂರುಚೂರಾಗಿ ಉದುರಿತು.

"ಚಿತ್ರ ಹೋಯ್ತಲ್ಲ?" ಅಂದೆ.

"ಮರಕ್ಕೆ ಬಂತಲ್ಲ ಮಾರಾಯ್ರೆ, ಇನ್ನು ಅದೆಂತಕ್ಕೆ?"

ಗುಡಿಗಾರರು ತಲೆತಲಾಂತರದಿಂದ ಹೀಗೇ ಕೆತ್ತುತ್ತಾ ಬಂದವರು. ಅವರ ಲೆಕ್ಕದಲ್ಲಿ ಅದು ಸರಿಯೇ. ಆದರೂ ಕರಡು ಎಂತಕ್ಕೆ ಅನ್ನುವ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಇಂಗ್ಲೆಂಡಿನ ಕೊವೆಂಟ್ರಿ ಸಿಗುತ್ತದೆ.

1940ರ ನವೆಂಬರ್ 14ರ ರಾತ್ರಿ ಜರ್ಮನಿಯ ವಿಮಾನಗಳು ಆ ಊರಿನ ಮೇಲೆ ಬಾಂಬು ಸುರಿದವು. ಅಲ್ಲಿನ ಹಳೇ ಕ್ಯಾಥೆಡ್ರಲ್, ಅಂದರೆ ಬಿಷಪ್ಪರ ದೊಡ್ಡ ಇಗರ್ಜಿ, ಸುಟ್ಟು ಬರೀ ಹೊರಗೋಡೆ, ಗೋಪುರ ಉಳಿದವು. ಹೊಸದಕ್ಕೆ ಸ್ಪರ್ಧೆ ಕರೆದಾಗ 219 ನಕ್ಷೆಗಳು ಬಂದವು. 1951ರಲ್ಲಿ ಗೆದ್ದದ್ದು ವಾಸ್ತುಶಿಲ್ಪಿ ಬೇಸಿಲ್ ಸ್ಪೆನ್ಸ್ ಅವರ ನಕ್ಷೆ. ಹಾಳುಬಿದ್ದ ಗೋಡೆಗಳನ್ನು ಕೆಡವದೆ ಹಾಗೇ ಬಿಟ್ಟು, ಪಕ್ಕದಲ್ಲೇ ಹೊಸ ಇಗರ್ಜಿ ಕಟ್ಟುವುದು ಅವರ ಯೋಚನೆ.

ಹೊರಗೋಡೆಗೆ ಒಂದು ದೊಡ್ಡ ಶಿಲ್ಪ ಬೇಕಿತ್ತು: ಸೈತಾನನನ್ನು ಗೆದ್ದ ದೇವದೂತ, ಸಂತ ಮೈಕಲ್. ಸ್ಪೆನ್ಸ್ ಮನಸ್ಸಿನಲ್ಲಿದ್ದವರು ಶಿಲ್ಪಿ ಜೇಕಬ್ ಎಪ್‌ಸ್ಟೀನ್. ಎಪ್‌ಸ್ಟೀನ್ ಹೆಸರೆಂದರೆ ಗಲಾಟೆ. 1908ರಲ್ಲಿ ಲಂಡನ್ನಿನ ಒಂದು ಕಟ್ಟಡಕ್ಕೆ ಅವರು ಮಾಡಿದ ಬೆತ್ತಲೆ ಮೂರ್ತಿಗಳ ಮೇಲೆ ಪತ್ರಿಕೆಗಳು ಹರಿಹಾಯ್ದಿದ್ದವು. 1937ರಲ್ಲಿ ಆ ಮೂರ್ತಿಗಳ ಮುಖ, ಕೈಗಳನ್ನೇ ಒಡೆದು ತೆಗೆದಿದ್ದರು. ಕೊವೆಂಟ್ರಿಯಲ್ಲಿ ಇಗರ್ಜಿ ಕಟ್ಟಿಸುವ ಸಮಿತಿಯಲ್ಲಿ ಎದ್ದ ತಕರಾರು ಇನ್ನೊಂದು: ಆತ ಯೆಹೂದಿಯಲ್ಲವೇ? ಯೇಸು ಕ್ರಿಸ್ತನೂ ಯೆಹೂದಿಯೇ ಆಗಿದ್ದ ಅಂತ ಸ್ಪೆನ್ಸ್ ಉತ್ತರ ಕೊಟ್ಟರು.

ಬಾಯಿಮಾತು ಅಲ್ಲಿಗೆ ಮುಗಿಯಿತು. ಮುಂದಿನ ಕೆಲಸ ಮಾಡಿದ್ದು ಎಪ್‌ಸ್ಟೀನರ ಒಂದು ಪುಟ್ಟ ಮಾದರಿ. ರೆಕ್ಕೆ ಬಿಚ್ಚಿ, ಕೈ ಅಗಲಿಸಿ ನಿಂತ ಮೈಕಲ್, ಕಾಲ ಕೆಳಗೆ ಕಟ್ಟಿಹಾಕಿದ ಸೈತಾನ. ಅದನ್ನು ನೋಡಿದ ಮೇಲೆ ಸಮಿತಿ ಒಪ್ಪಿತು. ಇಷ್ಟು ದೊಡ್ಡ ಜಗಳವನ್ನು ಮೇಜಿನ ಮೇಲೆ ಇಡಬಹುದಾದ ಒಂದು ಕರಡು ಬಗೆಹರಿಸಿತು! ನನಗೆ ಇದು ಆ ಇಗರ್ಜಿಯ ಕತೆಯ ಜೀವಾಳ.

ಶಿರಸಿಯವರಿಗೆ ಈ ಚಿತ್ರ ಹೊಸದಲ್ಲ, ಅಲ್ವಾ? ನಮ್ಮ ಮಾರಿಕಾಂಬೆಯೂ ಎಂಟು ಕೈಗಳಲ್ಲಿ ಅಸುರನನ್ನು ಗೆದ್ದು ನಿಂತವಳೇ. ಆದರೆ ಎಪ್‌ಸ್ಟೀನರ ಮೈಕಲ್ ಈಟಿ ಚುಚ್ಚುತ್ತಿಲ್ಲ, ಸುಮ್ನೆ ಹಿಡಿದಿದ್ದಾನೆ. ಮುಖಕ್ಕೆ ಮಾದರಿಯಾದವರು ಅವರ ಅಳಿಯ. 1958ರ ಹೊತ್ತಿಗೆ ಕೆಲಸ ಮುಗಿಯಿತು. ಮರುವರ್ಷ ಆಗಸ್ಟಿನಲ್ಲಿ ಎಪ್‌ಸ್ಟೀನ್ ತೀರಿಕೊಂಡರು. ಕಂಚಿನ ಮೂರ್ತಿ ಗೋಡೆ ಏರಿದ್ದು 1960ರಲ್ಲಿ, ಅವರು ನೋಡಲಿಲ್ಲ. ಪುಟ್ಟ ಮಾದರಿಯ ಎರಕಗಳು ಈಗಲೂ ಇವೆ.

ಒಳಗಿನ ಕೆಲಸಕ್ಕೂ ಹೀಗೇ ರಾಶಿ ಕರಡು. ಚಿತ್ರಕಾರ ಗ್ರಹಾಂ ಸದರ್ಲೆಂಡ್ ಕ್ರಿಸ್ತನ ದೊಡ್ಡ ನೇಯ್ಗೆ ಚಿತ್ರಕ್ಕಾಗಿ ಹತ್ತು ವರ್ಷ ಬರೆದು, ಬದಲಿಸಿ, ಮತ್ತೆ ಬರೆದರು. ಅದನ್ನು ನೇಯ್ದದ್ದು ಫ್ರಾನ್ಸಿನಲ್ಲಿ. ಅವರ ಕರಡುಗಳನ್ನು ಕೊವೆಂಟ್ರಿಯ ಹರ್ಬರ್ಟ್ ಆರ್ಟ್ ಗ್ಯಾಲರಿಯಲ್ಲಿ ಇಟ್ಟಿದ್ದಾರೆ. 1962ರ ಮೇ 25ಕ್ಕೆ ಇಗರ್ಜಿಯ ಪ್ರತಿಷ್ಠೆ ಆಯಿತು.

ನಮ್ಮ ಕರಾವಳಿಯಲ್ಲೂ ಹಳೇ ಇಗರ್ಜಿ, ಹಳೇ ಗುಡಿ ಬಿಚ್ಚಿ ಹೊಸದು ಕಟ್ಟುವುದು ಜಾಸ್ತಿಯಾಗಿದೆ. ಒಂದು ಕಡೆ ಪೀಠದ ಕೆತ್ತನೆಗೆ ಆಚಾರಿ ಖಾಕಿ ಕಾಗದದ ಮೇಲೆ ಬರೆದ ಆಳೆತ್ತರದ ಚಿತ್ರಗಳನ್ನು ನೋಡಿದ್ದೆ. ದೇವದೂತನ ಒಂದು ರೆಕ್ಕೆಯನ್ನೇ ಮೂರು ಥರ ಬರೆದಿದ್ದರು. ಕೆಲಸ ಮುಗಿದ ಮೇಲೆ ಹೋಗಿ ಕೇಳಿದೆ. ಬಣ್ಣ ಬಳಿಯುವಾಗ ನೆಲಕ್ಕೆ ಹಾಸಿ, ಆಮೇಲೆ ಬಿಸಾಡಿದರಂತೆ. ಆ ಮೂರರಲ್ಲಿ ಎರಡು ರೆಕ್ಕೆಗಳು ಈಗ ಎಲ್ಲೂ ಇಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹೋದ ವಾರ ಮತ್ತೆ ಅದೇ ಜಗಲಿಗೆ ಹೋಗಿದ್ದೆ. ಅಂಟಿಸುವ ಮುಂಚೆ ಒಂದು ಫೋಟೊ ತೆಗೆಯಲಾ ಅಂತ ಕೇಳಿದೆ. ಗುಡಿಗಾರರು ನಕ್ಕು ಕಾಗದವನ್ನು ಬೆಳಕಿಗೆ ಹಿಡಿದರು. ಆನೆಯ ಸೊಂಡಿಲನ್ನು ಎರಡು ಸಲ ಅಳಿಸಿ ಬರೆದ ಗುರುತು ಕಾಣಿಸಿತು.