ಹನಿ ಹನಿ ಬಂದರೆ ಮೂತ್ರ ಹೋಯಿತು ಎಂದಲ್ಲ

"ಡಾಕ್ಟ್ರೇ, ಎರಡು ದಿನದಿಂದ ಕಕ್ಕಸು ಆಗ್ತಿಲ್ಲ, ತಿಣುಕ್ತಾನೇ ಇದೆ. ಸಿರಪ್ ಕೊಟ್ವಿ." ವಯಸ್ಸಾದ ಗಂಡುನಾಯಿ. ಬಾಲ ಎತ್ತಿದರೆ ಗುದದ ಪಕ್ಕದಲ್ಲಿ ಊತ. "ಅದಾ? ಆರು ತಿಂಗಳಿಂದ ಇದೆ, ನೋವೇನಿಲ್ಲ." ಮೂತ್ರ ಹೋಗ್ತಿದೆಯಾ ಅಂದರೆ, "ಹೋಗ್ತಿದೆ, ಹನಿ ಹನಿಯಾಗಿ."

ಈ ಹನಿಯ ಬಗ್ಗೆಯೇ ನನ್ನ ತಕರಾರು.

ಗುದದ ಅಕ್ಕಪಕ್ಕದ ಸ್ನಾಯುಗಳು ಸೊರಗಿದಾಗ ಒಳಗಿರಬೇಕಾದ್ದು ಚರ್ಮದಡಿಗೆ ಜಾರುತ್ತದೆ. ಇದೇ ಹರ್ನಿಯಾ. ಕೊಬ್ಬು, ಗಂಡುನಾಯಿಯ ಪ್ರಾಸ್ಟೇಟ್ ಗ್ರಂಥಿ, ಜೋಲುಬಿದ್ದ ಗುದನಾಳ, ಹೀಗೆ. ಹೀಗಾದ ನಾಯಿಗಳಲ್ಲಿ ಸರಿಸುಮಾರು ಐದರಲ್ಲಿ ಒಂದಕ್ಕೆ ಮೂತ್ರಕೋಶವೇ ಹಿಂದಕ್ಕೆ ಮಗುಚಿ ಅಲ್ಲಿ ಬಂದು ಕೂರುತ್ತದೆ. ಮೂತ್ರನಾಳ ಮಡಚಿಕೊಳ್ಳುತ್ತದೆ. ಕಿಡ್ನಿಗೆ ಇದು ತಿಳಿಯದು, ಅದು ಮೂತ್ರ ಇಳಿಸುತ್ತಲೇ ಇರುತ್ತದೆ. ಒತ್ತಡ ತಾಳಲಾರದೆ ಮಡಿಕೆಯ ಸಂದಿಯಿಂದ ನಾಲ್ಕು ಹನಿ ಜಿನುಗುತ್ತದೆ. ಕೊಡ ತುಂಬಿ ಚೆಲ್ಲುತ್ತಿದ್ದರೆ ಕೊಡ ಖಾಲಿಯಾಯಿತು ಎನ್ನುತ್ತೇವೆಯೇ? ಧಾರೆಯಾಗಿ ಬಂದರೆ ಮಾತ್ರ ಮೂತ್ರ ಹೋಯಿತು ಅನ್ನಿ. ಹನಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪುತ್ತದೆ. ಅದಕ್ಕೆ ವಾರಗಟ್ಟಲೆ ಬೇಕಿಲ್ಲ, ಒಂದೆರಡು ದಿನ ಸಾಕು.

ಒಂಬತ್ತು ವರ್ಷದ ನಾಯಿಯೊಂದನ್ನು ಅದರ ಯಜಮಾನರು ಹೆಗಲ ಮೇಲೆ ಹೊತ್ತು ತಂದಿದ್ದರು. ಮೂರು ದಿನ ಮಲಬದ್ಧತೆಯ ಔಷಧಿ ಆಗಿತ್ತು. ಮೆತ್ತಗಿದ್ದ ಊತ ಕಲ್ಲಿನಂತಾಗಿತ್ತು. ಮೂತ್ರ ತೆಗೆಯುವ ಕೊಳವೆ, ಕ್ಯಾತಿಟರ್, ಒಳಗೆ ಹೋಗಲಿಲ್ಲ. ಊತಕ್ಕೇ ಸೂಜಿ ಚುಚ್ಚಿದೆ, ಸಿರಿಂಜ್ ತುಂಬಾ ಮೂತ್ರ. "ಇದು ಇಲ್ಲಿ ಹೇಗೆ ಬಂತು?" ಎಂದು ಅವರು ಮತ್ತೆ ಮತ್ತೆ ಕೇಳುತ್ತಾ ನಾಯಿಯ ತಲೆ ಸವರುತ್ತಿದ್ದರು. ಬೈಯಬೇಕೆಂದಿದ್ದ ನನಗೆ ಬಾಯಿ ಬರಲಿಲ್ಲ. ನಾಯಿ ಉಳಿಯಿತು. ರಕ್ತದ ಏರುಪೇರು ಸರಿಹೋದ ಮೇಲೆ ಪಕ್ಕದ ಸ್ನಾಯುವನ್ನೇ ಎತ್ತಿ ತಂದು ಆ ಸಂದು ಮುಚ್ಚಿದೆವು, ಜೊತೆಗೆ ಬೀಜವನ್ನೂ ತೆಗೆದೆವು. ಬೀಜ ಬಿಟ್ಟರೆ ಹರ್ನಿಯಾ ಮರುಕಳಿಸುವ ಸಂಭವ ಹೆಚ್ಚು. ತೆಗೆದರೂ ಖಾತ್ರಿ ಕೊಡಲಾರೆ.

ಅಲ್ಲಿ ಕಾಣುವ ಊತವೆಲ್ಲ ಹರ್ನಿಯಾ ಅಲ್ಲ. ಗುದಗ್ರಂಥಿಯ ಕೀವೂ ಇರಬಹುದು, ಗಡ್ಡೆಯೂ ಇರಬಹುದು. ಕೈಬೆರಳಿನ ಪರೀಕ್ಷೆ, ಸ್ಕ್ಯಾನ್ ಇಲ್ಲದೆ ನಾನೂ ಹೇಳುವುದಿಲ್ಲ. ಆದರೆ ಊತವಿರುವ ನಾಯಿ ತಿಣುಕುತ್ತಿದ್ದು, ಧಾರೆ ಕಾಣದಿದ್ದರೆ ಸಿರಪ್ ಬಾಟಲಿ ಕೆಳಗಿಡಿ. ಮನೆಯಲ್ಲಿ ಊತವನ್ನು ಒತ್ತಬೇಡಿ. ರಾತ್ರಿಯಾಗಿದ್ದರೂ ಸರಿ, ಹೊರಡಿ.