‘ಟುನ್‌ಟುನ್’ ಎಂದು ಕರೆದು ನಕ್ಕ ಮೇಲೆ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ದಪ್ಪಗಿದ್ದ ನನ್ನ ಚಿಕ್ಕಮ್ಮನ ಮಗಳನ್ನು ಎಲ್ಲರೂ ‘ಟುನ್‌ಟುನ್’ ಎಂದೇ ಕರೆಯುತ್ತಿದ್ದರು. ಮರಾಠಿಯವರು ಮಾತ್ರವಲ್ಲ, ನಮ್ಮ ಕನ್ನಡದವರೂ. ಬರಬರುತ್ತಾ ಅವಳು ಮದುವೆ ಮನೆಗಳಲ್ಲಿ ಫೋಟೊಗೆ ನಿಲ್ಲುವುದನ್ನೇ ಬಿಟ್ಟಳು. ಪಂಕ್ತಿಯಲ್ಲಿ ಕೂತರೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿರಲಿಲ್ಲ.

ಆ ಹೆಸರು ಬಂದದ್ದು ಸಿನಿಮಾದಿಂದ. ಉಮಾದೇವಿ ಖತ್ರಿ ಅವರು ತಂದೆತಾಯಿ ಇಲ್ಲದೆ ಬೆಳೆದು, ಹಾಡುವ ಆಸೆಯಿಂದ ಮುಂಬೈಗೆ ಬಂದವರು. 1947ರ ‘ದರ್ದ್’ ಚಿತ್ರದಲ್ಲಿ ನೌಷಾದ್ ಸಂಗೀತಕ್ಕೆ ಅವರು ಹಾಡಿದ ‘ಅಫ್ಸಾನಾ ಲಿಖ್ ರಹೀ ಹೂಂ’ ಈಗಲೂ ಜನರ ಬಾಯಲ್ಲಿದೆ. 1950ರ ‘ಬಾಬುಲ್’ನಿಂದ ನಟನೆಗೆ ಬಂದರು, ಟುನ್‌ಟುನ್ ಆದರು. ಜನ ಗಂಟಲನ್ನು ಮರೆತರು, ಮೈಯನ್ನು ನೆನಪಿಟ್ಟುಕೊಂಡರು. ದಪ್ಪಗಿದ್ದವರು ತೆರೆಗೆ ಬಂದರೆ ಸಾಕು, ನಗಬೇಕು ಎಂಬ ರೂಢಿ ಗಟ್ಟಿಯಾಯಿತು. ನಕ್ಕ ಮೇಲೆ ಆ ಹೆಂಗಸು ಮನೆಗೆ ಹೋಗಿ ಏನು ಮಾಡಿದಳು ಎಂದು ಕ್ಯಾಮೆರಾ ಅವಳ ಹಿಂದೆ ಹೋಗಿ ನೋಡಲಿಲ್ಲ.

2003ರಲ್ಲಿ ಟೀವಿಗೆ ‘ಜಸ್ಸಿ ಜೈಸಿ ಕೋಯಿ ನಹೀಂ’ ಬಂತು. ಹಲ್ಲಿಗೆ ತಂತಿ, ದಪ್ಪ ಕನ್ನಡಕದ ಹುಡುಗಿ, ಫ್ಯಾಷನ್ ಆಫೀಸು. ಅವಳ ಅವಮಾನವನ್ನು ಹತ್ತಿರದಿಂದ ತೋರಿಸಿದರು, ನಿಜ. ಆದರೆ ಕೊನೆಗೆ ಅವಳ ರೂಪವನ್ನೇ ಬದಲಾಯಿಸಿಬಿಟ್ಟರು.

2015ರ ‘ದಮ್ ಲಗಾ ಕೇ ಹೈಷಾ’ ಚಿತ್ರ ಹಾಗೆ ಮಾಡಲಿಲ್ಲ. ನಟಿ ಭೂಮಿ ಪೆಡ್ನೇಕರ್ ಅದರ ದಪ್ಪ ಹೆಂಡತಿಯ ಪಾತ್ರಕ್ಕಾಗಿಯೇ ತೂಕ ಹೆಚ್ಚಿಸಿಕೊಂಡಿದ್ದರು. ಕೊನೆಯಲ್ಲಿ ಗಂಡ ಅವಳನ್ನು ಬೆನ್ನ ಮೇಲೆ ಹೊತ್ತು ಓಡುತ್ತಾನೆ. ಸಿನಿಮಾ ನೋಡಿದ ರಾತ್ರಿ ತಂಗಿ ಫೋನ್ ಮಾಡಿದಳು: “ಅವ್ಳು ಸಣ್ಣ ಆಗ್ಲೇ ಇಲ್ಲ ಅಲ್ವಾ ಅಕ್ಕಾ!” ಎಷ್ಟೋ ದಿನದ ಮೇಲೆ ಅವಳ ದನಿ ಅಷ್ಟು ಹಗುರಾಗಿ ಕೇಳಿದ್ದೆ.

ಆಮೇಲೆ ದಾರಿ ತೋರಿಸಿದ್ದು ನಮ್ಮ ಕನ್ನಡವೇ. 2017ರಲ್ಲಿ ರಾಜ್ ಬಿ. ಶೆಟ್ಟಿ ಅವರ ‘ಒಂದು ಮೊಟ್ಟೆಯ ಕಥೆ’ ಬೋಳು ತಲೆಯ ಕನ್ನಡ ಮೇಷ್ಟ್ರ ಸಂಕಟವನ್ನು ಹೇಳಿತು. 2019ರ ನವೆಂಬರಿನಲ್ಲಿ ಅದು ಹಿಂದಿಯಲ್ಲಿ ‘ಉಜಡಾ ಚಮನ್’ ಆಯಿತು. ಅಲ್ಲಿ ಬೋಳು ತಲೆಯ ನೋವು ಚೆನ್ನಾಗಿ ಗೊತ್ತಿದ್ದವನೇ ದಪ್ಪ ಹುಡುಗಿಯನ್ನು ಕಂಡು ಹಿಂಜರಿಯುತ್ತಾನೆ. ನೋವುಂಡವರೂ ನೋಯಿಸುತ್ತಾರೆ ಅನ್ನುವುದನ್ನು ತೋರಿಸಲು ಧೈರ್ಯ ಬೇಕು.

ಅದೇ ತಿಂಗಳು ‘ಬಾಲಾ’ ಎಂಬ ಹಿಂದಿ ಚಿತ್ರ ಬಂತು. ಅದರಲ್ಲಿ ಕಪ್ಪು ಬಣ್ಣದ ಹುಡುಗಿಯ ಪಾತ್ರ ಭೂಮಿ ಅವರದ್ದೇ. ಅದಕ್ಕಾಗಿ ಅವರ ಮುಖಕ್ಕೆ ಕಪ್ಪು ಮೇಕಪ್ ಹಚ್ಚಿದ್ದರು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ದಿನಾ ಎಷ್ಟೊಂದು ಕಪ್ಪು ಮುಖಗಳನ್ನು ನೋಡುತ್ತೇನೆ. ಅವರಲ್ಲಿ ಒಬ್ಬಳಿಗೂ ಆ ಪಾತ್ರ ಸಿಗಬಾರದಿತ್ತೇ?